ಬರೆದುಕೊಟ್ಟ ಕೋಡು, ಎರಡು ಲೈಸೆನ್ಸು

ಕಂಪ್ಯೂಟರಿನಲ್ಲಿ ‘ಗುಂಡ್ಲುಪೇಟೆ’ ಎಂದು ಬರೆಯುವಾಗ ‘ಡ್ಲು’ ಮೂಡಬೇಕಾದರೆ ಡಬ್ಲ್ಯು, ಎಫ್, ಎಲ್, ಯು ಒತ್ತಬೇಕು. ಇದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ‘ನುಡಿ’ ತಂತ್ರಾಂಶದಲ್ಲೂ ಇದೇ. ಬಸ್‌ಸ್ಟ್ಯಾಂಡ್ ಹತ್ತಿರದ ನನ್ನ ಡಿಟಿಪಿ ಅಂಗಡಿಯಲ್ಲಿ ಆನೆ ತುಳಿದ ಬಾಳೆತೋಟದ ಪರಿಹಾರದ ಅರ್ಜಿಯಿಂದ ಹಿಡಿದು ಲಗ್ನಪತ್ರಿಕೆವರೆಗೆ ಎಲ್ಲವನ್ನೂ ಇದರಲ್ಲೇ ಟೈಪ್ ಮಾಡುತ್ತೇನೆ. ಗಿರಾಕಿ ಕಮ್ಮಿಯಾದ ಮೇಲೆ ಕನ್ನಡ ವಿಕಿಪೀಡಿಯದಲ್ಲಿ ಬಂಡೀಪುರದ್ದೋ ಹಿಮವದ್ ಗೋಪಾಲಸ್ವಾಮಿ ಬೆಟ್ಟದ್ದೋ ಪುಟ ತಿದ್ದಲು ಕೂತರೆ, ಬೇರೇನನ್ನೂ ಇನ್‌ಸ್ಟಾಲ್ ಮಾಡದೆ ಅಲ್ಲೂ ಇದೇ ವಿನ್ಯಾಸ ಸಿಗುತ್ತದೆ.

ಅಲ್ಲಿ ಆ ಕೆಲಸ ಮಾಡುವುದು ‘ಜೆಕ್ವೆರಿ ಐಎಂಇ’ ಎಂಬ ಪುಟ್ಟ ತಂತ್ರಾಂಶ. ವಿಕಿಪೀಡಿಯ ನಡೆಸುವ ವಿಕಿಮೀಡಿಯ ಸಂಸ್ಥೆಯ ಭಾಷಾ ತಂಡ ಕಟ್ಟಿದ್ದು. ಒಂದೊಂದು ವಿನ್ಯಾಸಕ್ಕೂ ಒಂದೊಂದು ಕಡತ. ಮೇಲೆ ಬರೆದುಕೊಟ್ಟವರ ಹೆಸರು, ಕೆಳಗೆ ಯಾವ ಕೀಲಿಗೆ ಯಾವ ಅಕ್ಷರ ಎಂಬ ಪಟ್ಟಿ. ಎಷ್ಟೋ ಭಾಷೆಯವರು ಸಂಬಳವಿಲ್ಲದೆ ಇವನ್ನು ಬರೆದುಕೊಟ್ಟಿದ್ದಾರೆ. ತಂತ್ರಾಂಶವನ್ನು ಎರಡು ಲೈಸೆನ್ಸಿನಲ್ಲಿ ಬಿಟ್ಟಿದ್ದಾರೆ: ಜಿಪಿಎಲ್ ಮತ್ತು ಎಂಐಟಿ. ಜಿಪಿಎಲ್ ಪ್ರಕಾರ, ಕೋಡನ್ನು ತಿದ್ದಿ ಹಂಚುವವರು ತಮ್ಮ ತಿದ್ದುಪಡಿಯನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಎಂಐಟಿಯಲ್ಲಿ ಆ ಕಟ್ಟಿಲ್ಲ. ಮೂಲದವರ ಹೆಸರು ಮತ್ತು ಲೈಸೆನ್ಸನ್ನು ಉಳಿಸಿಕೊಂಡರೆ ಸಾಕು. ಎರಡರಲ್ಲಿ ಯಾವುದು ಬೇಕೋ ಬಳಸುವವರೇ ಆರಿಸಿಕೊಳ್ಳಬಹುದು. ಇದು ನನಗೆ ಬಹಳ ಇಷ್ಟವಾದ ಏರ್ಪಾಡು.

ಇದೇ ‘ಎರಡು ಲೈಸೆನ್ಸ್’ ಇನ್ನೊಂದು ರೀತಿಯಲ್ಲೂ ನಡೆಯುತ್ತದೆ. ಸ್ವೀಡನ್ನಿನ ಮೈಎಸ್‌ಕ್ಯೂಎಲ್ ಕಂಪನಿ ತನ್ನ ಡೇಟಾಬೇಸನ್ನು ಎಲ್ಲರಿಗೂ ಜಿಪಿಎಲ್‌ನಲ್ಲಿ ಕೊಟ್ಟಿತು. ಜಿಪಿಎಲ್ ಷರತ್ತು ಬೇಡ ಎಂದವರಿಗೆ ಹಣಕ್ಕೆ ಬೇರೆ ಲೈಸೆನ್ಸ್ ಮಾರಿತು. ಹಾಗೆ ಮಾರಲು ಇಡೀ ಕೋಡಿನ ಮೇಲೆ ಹಕ್ಕು ಬೇಕು. ಅದಕ್ಕೇ ಹೊರಗಿನವರು ಕೋಡ್ ಕೊಟ್ಟರೆ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಿತ್ತು. 2008ರಲ್ಲಿ ಸನ್ ಎಂಬ ಕಂಪನಿ ಸುಮಾರು 100 ಕೋಟಿ ಡಾಲರಿಗೆ ಅದನ್ನು ಕೊಂಡಿತು, 2010ರಲ್ಲಿ ಸನ್ನನ್ನೇ ಒರಾಕಲ್ ಕೊಂಡಿತು. ಸಹಿ ಮಾಡಿದವರ ಕೋಡೂ ಅದರ ಜೊತೆಗೇ ಕೈ ಬದಲಾಯಿಸಿತು. ಮೂಲ ಕರ್ತೃಗಳಲ್ಲೊಬ್ಬರಾದ ಮೈಕೆಲ್ ವಿಡೇನಿಯಸ್ ಜಿಪಿಎಲ್ ಪ್ರತಿಯನ್ನಿಟ್ಟುಕೊಂಡು 2009ರಲ್ಲಿ ಮರಿಯಾಡಿಬಿ ಎಂಬ ಡೇಟಾಬೇಸ್ ಶುರುಮಾಡಿದರು. ಆದರೆ ಹಳೆಯ ಕೋಡನ್ನು ಬೇರೆ ಲೈಸೆನ್ಸಿನಲ್ಲಿ ಮಾರುವ ಹಕ್ಕು ಅವರಿಗೂ ಉಳಿದಿರಲಿಲ್ಲ.

ವಿಕಿಪೀಡಿಯದ ಬರಹಕ್ಕೂ ಎರಡು ಲೈಸೆನ್ಸ್ ಇದೆ, ಕ್ರಿಯೇಟಿವ್ ಕಾಮನ್ಸ್ ಮತ್ತು ಜಿಎಫ್‌ಡಿಎಲ್. ಮೊದಲು ಜಿಎಫ್‌ಡಿಎಲ್ ಒಂದೇ ಇತ್ತು. ಬರೆದದ್ದರ ಹಕ್ಕು ಬರೆದವರಲ್ಲೇ ಇದ್ದುದರಿಂದ ಸಂಸ್ಥೆ ತನಗೆ ತೋಚಿದಂತೆ ಅದನ್ನು ಬದಲಿಸುವಂತಿರಲಿಲ್ಲ. ಬದಲಾವಣೆಗೆ ಅವಕಾಶ ಕೊಡುವ ಜಿಎಫ್‌ಡಿಎಲ್‌ನ ಹೊಸ ಆವೃತ್ತಿಯೇ ಬರಬೇಕಾಯಿತು. 2009ರಲ್ಲಿ ಸಂಪಾದಕರ ಮತ ಕೇಳಿ, ಮುಕ್ಕಾಲು ಪಾಲು ಜನ ಒಪ್ಪಿದ ಮೇಲೆ ಬದಲಾಯಿತು. ಗುಂಡ್ಲುಪೇಟೆಯಲ್ಲಿ ಕೂತು ನಾಲ್ಕು ಸಾಲು ಸೇರಿಸುವ ನನ್ನಂಥವನಿಗೂ ಅಲ್ಲಿ ಮಾತಿದೆ, ಬೆಲೆಯಿದೆ.

ಚಾಮರಾಜನಗರದಲ್ಲಿ ಇಂಜಿನಿಯರಿಂಗ್ ಓದುವ ತಂಗಿಯ ಮಗ ಮೊನ್ನೆ ಫೋನ್ ಮಾಡಿದ್ದ. ಒಂದು ಕಂಪನಿಯ ತಂತ್ರಾಂಶಕ್ಕೆ ಅವನು ಬರೆದ ತಿದ್ದುಪಡಿಯನ್ನು ಆ ಕಂಪನಿ ಒಪ್ಪಿದೆ, ಜೊತೆಗೆ ಮೈಎಸ್‌ಕ್ಯೂಎಲ್‌ನದರಂಥ ಕರಾರುಪತ್ರವನ್ನೂ ಕಳಿಸಿದೆ. “ಸಯಿ ಹಾಕ್ಬುಡ್ಲಾ ಮಾವ?” ಎಂದ.

ಕಂಪನಿ ದುಡ್ಡು ಮಾಡುವುದರಲ್ಲಿ ತಪ್ಪಿಲ್ಲ. ಆ ದುಡ್ಡಿನಿಂದಲೇ ಕೋಡನ್ನು ನೋಡಿಕೊಳ್ಳುವವರಿಗೆ ಸಂಬಳ ಬರುತ್ತದೆ. ಆದರೆ ನಾಳೆ ಕಂಪನಿ ಮಾರಾಟವಾದರೆ ಏನು ಗತಿ ಎಂಬುದು ಪತ್ರದಲ್ಲೇ ಇರಬೇಕು. 1998ರಲ್ಲಿ ಟ್ರೋಲ್‌ಟೆಕ್ ಕಂಪನಿಯ ಕ್ಯೂಟಿ ತಂತ್ರಾಂಶದ ವಿಷಯದಲ್ಲಿ ಅದನ್ನು ಬಳಸುತ್ತಿದ್ದ ಕೆಡಿಇ ಎಂಬ ಮುಕ್ತ ತಂತ್ರಾಂಶ ಬಳಗದವರು ಇದನ್ನೇ ಮಾಡಿದರು. ಕಂಪನಿ ಎಂದಾದರೂ ಉಚಿತ ಆವೃತ್ತಿ ನಿಲ್ಲಿಸಿದರೆ ಅದನ್ನು ಇನ್ನೂ ಸಡಿಲವಾದ ಲೈಸೆನ್ಸಿನಲ್ಲಿ ಬಿಡುಗಡೆ ಮಾಡುವ ಹಕ್ಕು ಒಂದು ಪ್ರತಿಷ್ಠಾನಕ್ಕೆ ಇರುವಂತೆ ಒಪ್ಪಂದ ಬರೆಸಿದರು. ಕ್ಯೂಟಿ ಆಮೇಲೆ ನೋಕಿಯಾಕ್ಕೆ ಹೋಯಿತು, ಅಲ್ಲಿಂದ ಡಿಜಿಯಾಕ್ಕೆ ಹೋಯಿತು. ಒಪ್ಪಂದ ಉಳಿಯಿತು. “ಅಂಥದ್ದೊಂದು ಸಾಲು ಸೇರಿಸ್ತೀರಾ ಅಂತ ಬರೆದು ಕೇಳು, ಉತ್ತರ ಬಂದ ಮೇಲೆ ಸಯಿ ಮಾತು” ಎಂದೆ.