ತರಗೆಲೆಯೊಳಗಣ ಮೊಟ್ಟೆಗಳು

ನಮ್ಮ ಪುತ್ತೂರು, ಸುಳ್ಯ, ಕಡಬ ಸೀಮೆಗಳ ತೋಟಗಳಲ್ಲಿ ಮಣ್ಣು ಕೆದಕುವಾಗಲೂ ತರಗೆಲೆ ಒಟ್ಟುವಾಗಲೂ ಬಿಳಿಯ ಮೊಟ್ಟೆಗಳು ಕಾಣುವುದುಂಟು. ಅವುಗಳ ಸಿಪ್ಪೆಯು ತೊಗಲಿನಂತಿದ್ದರೆ ಓತಿಯದೋ ಹಾವಿನದೋ ಆಗಿರಬಹುದು. ಆದರೆ ಮೊಟ್ಟೆಯನ್ನು ನೋಡಿದ ಮಾತ್ರಕ್ಕೆ ಅದು ನಾಗರದ್ದೋ, ಇಲಿಗಳನ್ನು ತಿಂದು ಕೃಷಿಕನಿಗೆ ಉಪಕರಿಸುವ ಕೇರೆಯದೋ ಎಂದು ಹೇಳುವುದು ಸುಲಭವಲ್ಲ. ಆದಕಾರಣ ಭಯದಿಂದ ಒಡೆಯುವುದು ಅವಿವೇಕವು.

ಕೋಳಿಯು ಮೊಟ್ಟೆಗಳನ್ನು ಹೊರಳಿಸುತ್ತಾ ಕಾವು ಕೊಡುತ್ತದೆ. ಸರೀಸೃಪಗಳ ಮೊಟ್ಟೆಗಳಾದರೋ ಇಟ್ಟಂತೆಯೇ ಇರಬೇಕು. ಹೊರಳಿಸಿದರೆ ಒಳಗಿನ ಮರಿಗೆ ಕೇಡಾಗಬಹುದು. ಆದುದರಿಂದ ಕೈಯಿಂದ ಮುಟ್ಟದೆ, ಸುತ್ತಲೂ ತಾಯಿಹಾವಿಲ್ಲವೆಂದು ನೋಡಿಕೊಂಡು, ಹಾರೆಯಿಂದ ಅದೇ ಮಣ್ಣನ್ನು ಮೆಲ್ಲನೆ ಮುಚ್ಚಿ, ಗುರುತಿಗೆ ಕೋಲು ನೆಟ್ಟು, ನಾಯಿ ಕೋಳಿಗಳನ್ನು ದೂರವಿಡತಕ್ಕದ್ದು.

ಕಾಳಿಂಗ ಸರ್ಪದ ವಿಷಯವು ಬೇರೆ. ಎಲೆಗಳನ್ನು ಮೈಯಿಂದ ಬಳಿದು ಗೂಡು ಕಟ್ಟುವ ಹಾವು ಇದೊಂದೇ. ಮಳೆಗಾಲಕ್ಕೆ ಮುಂಚೆ ತಾಯಿಯು ಸಾಮಾನ್ಯವಾಗಿ 20ರಿಂದ 40 ಮೊಟ್ಟೆಗಳನ್ನಿಟ್ಟು, ಗೂಡಿನ ಮೇಲೆಯೇ ಕಾವಲಿರುತ್ತದೆ. ಅಂಥ ದಿಬ್ಬದ ಸಮೀಪಕ್ಕೆ ಹೋಗದೆ ಅರಣ್ಯ ಇಲಾಖೆಗೆ ತಿಳಿಸಬೇಕು. 1972ರ ವನ್ಯಜೀವಿ ಕಾಯಿದೆಯು ಮೊಟ್ಟೆಗಳನ್ನೂ ರಕ್ಷಿಸುತ್ತದೆ. ರೋಮುಲಸ್ ವಿಟೇಕರ್ ಅವರು 2005ರಲ್ಲಿ ಆಗುಂಬೆಯಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರದವರು ಇಂಥ ಗೂಡುಗಳನ್ನು ಇದ್ದಲ್ಲಿಯೇ ಕಾದು, ಮರಿಗಳನ್ನು ಕಾಡಿಗೆ ಬಿಟ್ಟಿದ್ದಾರೆ. 2024ರಲ್ಲಿ ವಿದ್ವಾಂಸರು ಪಶ್ಚಿಮ ಘಟ್ಟದ ಈ ಜಾತಿಗೆ ಕೊಟ್ಟ ಶಾಸ್ತ್ರೀಯ ನಾಮದಲ್ಲಿ ನಮ್ಮ ಕನ್ನಡದ 'ಕಾಳಿಂಗ' ಶಬ್ದವೇ ಇದೆ.

ತಾಯಂದಿರೇ, ಸೋದರಿಯರೇ, ತರಗೆಲೆ ಗುಡಿಸಲು ಹೊರಟ ಮಕ್ಕಳಿಗೆ ಇಷ್ಟನ್ನು ಕಲಿಸೋಣ: ಮೊದಲು ಕೋಲಿಗಿಂತ ಕಣ್ಣು ಮುಂದಿರಲಿ, ಮೊಟ್ಟೆ ಕಂಡರೆ ಕೈ ಹಿಂದಿರಲಿ.