ಓದುವವರಿಲ್ಲದ ಲಿಪಿ, ನೋಡಿಕೊಳ್ಳುವವರಿಲ್ಲದ ಫೈಲ್ ಸಿಸ್ಟಮ್

ನವಲಿ, ಕನಕಗಿರಿ ಸುತ್ತಮುತ್ತ 2005ರಲ್ಲಿ ತೆಗೆದ ವೀರಗಲ್ಲು, ಮಾಸ್ತಿಕಲ್ಲುಗಳ ಫೋಟೊಗಳು ನನ್ನ ಹಳೆಯ ಹಾರ್ಡ್ ಡಿಸ್ಕಿನಲ್ಲಿದ್ದವು. ಮೊನ್ನೆ ಅದನ್ನು ಹೊಸ ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿದರೆ ತೆರೆಯಲೇ ಇಲ್ಲ. ತುಂಗಭದ್ರೆಯಲ್ಲಿ ಹೂಳು ತುಂಬಿದ್ದಕ್ಕೆ ಪರ್ಯಾಯವಾಗಿ ನವಲಿ ಬಳಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾವ ಇರುವಾಗ, ಈ ಭಾಗದ ಒಂದೊಂದು ಫೋಟೊವೂ ದಾಖಲೆಯೇ. ಗಾಬರಿಯಾಯಿತು. ಪರಿಚಯದ ಹುಡುಗನೊಬ್ಬ ನೋಡಿ, “ಡಿಸ್ಕ್ ಕೆಟ್ಟಿಲ್ರಿ ಸರ, ಅದನ್ನ ಓದೋರು ಹೋಗ್ಯಾರ ಅಷ್ಟ” ಅಂದ.

ಡಿಸ್ಕಿನ ಮೇಲೆ ಇರುವುದು ಬರೀ ಸೊನ್ನೆ-ಒಂದುಗಳ ಸಾಲು. ಯಾವ ಕಡತ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಹೇಳುವ ಪದ್ಧತಿಯೇ ಫೈಲ್ ಸಿಸ್ಟಮ್. ಒಂದು ರೀತಿಯಲ್ಲಿ ಅದು ಡಿಸ್ಕಿನ ಲಿಪಿ. ಒಂದೊಂದು ಲಿಪಿ ಓದಲು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್‌ನಲ್ಲಿ ಒಂದೊಂದು ಭಾಗ ಇರುತ್ತದೆ. ನನ್ನ ಡಿಸ್ಕಿನದು ರೈಸರ್‌ಎಫ್‌ಎಸ್. 2001ರಲ್ಲಿ ಲಿನಕ್ಸ್ ಸೇರಿದ ಇದನ್ನು ಕೈಬಿಡುತ್ತೇವೆಂದು 2022ರಲ್ಲೇ ಸೂಚನೆ ಕೊಟ್ಟಿದ್ದರು. 2025ರ ಜನವರಿಯಲ್ಲಿ ಬಂದ 6.13ನೇ ಆವೃತ್ತಿಯಲ್ಲಿ ತೆಗೆದೇಬಿಟ್ಟರು.

ಓದುತ್ತಿದ್ದದ್ದನ್ನು ಯಾಕೆ ತೆಗೀಬೇಕು, ಮೂಲೆಯಲ್ಲಿ ಬಿದ್ದಿರಲಿ ಬಿಡಿ ಅಂತ ನನಗೂ ಅನಿಸಿತು. ಆದರೆ ಅದು ಸುಮ್ಮನೆ ಬಿದ್ದಿರುವುದಿಲ್ಲ. ಕರ್ನಲ್‌ನ ಒಳರಚನೆ ಬದಲಾದಾಗಲೆಲ್ಲ ಆ ಭಾಗವನ್ನೂ ತಿದ್ದಬೇಕು. ತಿದ್ದುವವರು ಅದನ್ನು ಬಳಸುವವರಲ್ಲ, ಪರೀಕ್ಷಿಸುವವರೂ ಇಲ್ಲ. ಅಲ್ಲಿನ ಒಂದು ತಪ್ಪು ಇಡೀ ಯಂತ್ರವನ್ನು ಕೆಡವಬಹುದು, ಡಿಸ್ಕಿಗೆ ಬರೆಯುವಾಗ ಇದ್ದದ್ದನ್ನೂ ಅಳಿಸಬಹುದು. ಸವೆದ ಶಾಸನಕ್ಕೆ ಹಳಗನ್ನಡ ತಿಳಿಯದವರು ಊಹೆಯ ಮೇಲೆ ಬಣ್ಣ ತುಂಬಿದ ಹಾಗೆ. ಆಮೇಲೆ ತಜ್ಞರು ಬಂದರೂ ಮೂಲ ಅಕ್ಷರ ಸಿಗುವುದು ಕಷ್ಟ. ಹಾಗಾಗಿ ತೆಗೆದದ್ದು ಸರಿ ಎಂದೇ ಈಗ ನನ್ನ ಅಭಿಪ್ರಾಯ.

ಆದರೆ ತೆಗೆಯುವುದರಲ್ಲೂ ಕ್ರಮ ಬೇಕು. 2015ರಲ್ಲಿ ಎಕ್ಸ್ಟ್3ರ ಪ್ರತ್ಯೇಕ ಭಾಗವನ್ನು ತೆಗೆದಾಗ ಯಾರ ಡಿಸ್ಕೂ ಮೂಕವಾಗಲಿಲ್ಲ. ಎಕ್ಸ್ಟ್4ರ ಭಾಗವೇ ಹಳೆಯದನ್ನೂ ಓದುತ್ತದೆ. ಅಂಥ ಉತ್ತರಾಧಿಕಾರಿ ಇಲ್ಲದ ಕಡೆ ಸಾಕಷ್ಟು ಮುಂಚೆ ಡಂಗುರ ಸಾರಬೇಕು. ರೈಸರ್‌ಎಫ್‌ಎಸ್‌ಗೆ ಸುಮಾರು ಮೂರು ವರ್ಷ ಸಿಕ್ಕಿತ್ತು. ಕೇಳಿಸಿಕೊಳ್ಳದವನು ನಾನೇ.

ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನವಿದೆ. ಬ್ರಾಹ್ಮಿ ಓದುವವರೇ ಇಲ್ಲದೆ ಎಷ್ಟೋ ಶತಮಾನ ಕಳೆದವು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸುವವರೆಗೂ ಕಲ್ಲು ಕಾದಿತ್ತು. ಹಾರ್ಡ್ ಡಿಸ್ಕ್ ಅಷ್ಟು ಕಾಯುವುದಿಲ್ಲ.

ನನ್ನ ಫೋಟೊಗಳು ಸಿಕ್ಕವು. ಮಾಡಿದ್ದು ಇಷ್ಟೇ: ಕಲ್ಲಿನಿಂದ ಪಡಿಯಚ್ಚು ತೆಗೆಯುವಂತೆ ಮೊದಲು ಇಡೀ ಡಿಸ್ಕಿನ ಯಥಾಪ್ರತಿ ತೆಗೆದೆವು, ಮೂಲವನ್ನು ಎತ್ತಿಟ್ಟೆವು. ರೈಸರ್‌ಎಫ್‌ಎಸ್ ಇನ್ನೂ ಉಳಿದಿರುವ 6.12ನೇ ಕರ್ನಲ್‌ನಲ್ಲಿ ಪ್ರತಿಯನ್ನು ತೆರೆದೆವು. ಕಡತಗಳನ್ನು ಎಕ್ಸ್ಟ್4 ಇರುವ ಎರಡು ಬೇರೆ ಡಿಸ್ಕುಗಳಿಗೆ ಇಳಿಸಿ, ಒಂದಕ್ಕೊಂದು ತಾಳೆ ನೋಡಿದೆವು.

ನಿಮ್ಮ ಕಪಾಟಿನಲ್ಲೂ ಕ್ಷೇತ್ರಕಾರ್ಯದ ಹಳೆಯ ಡಿಸ್ಕುಗಳಿದ್ದರೆ ಈ ವಾರವೇ ಒಮ್ಮೆ ಜೋಡಿಸಿ ನೋಡಿ. ತೆರೆಯದಿದ್ದರೆ ಫಾರ್ಮ್ಯಾಟ್ ಮಾಡಬೇಡಿ, ಎಸೆಯಲೂ ಬೇಡಿ.