ಮೋಡದೊಳಗಣ ಸುಳಿಗಳು

ಆಕಾಶ ಕವಿದುಕೊಂಡೂ ಹನಿ ಬೀಳದೆ ಹೋದಾಗ, ಬೇಸಾಯವನ್ನೇ ನಂಬಿದ ಭಕ್ತಬಾಂಧವರು ಮೋಡದಲ್ಲಿ ನೀರಿರಲಿಲ್ಲವೆಂದು ನಿಟ್ಟುಸಿರುಬಿಡುವುದುಂಟು. ನೀರು ಇದ್ದೇ ಇರುತ್ತದೆ. ಅದು ಹನಿಯಾಗಿ ಕೂಡಿಕೊಂಡಿರುವುದಿಲ್ಲ, ಅಷ್ಟೆ. ಈ ಕೂಡಿಕೆಯ ಬಗೆಯನ್ನು ವಿಜ್ಞಾನಿಗಳು ಇಂದಿಗೂ ಶೋಧಿಸುತ್ತಲೇ ಇದ್ದಾರೆ.

ನಮ್ಮ ಕಣ್ಣಿಗೆ ಕಾಣುವ ಮೋಡ ಬರಿಯ ಆವಿಯಲ್ಲ. ಗಾಳಿಯಲ್ಲಿ ತೇಲುವ ಅಸಂಖ್ಯ ನೀರ್ಕಣಗಳ ಸಮೂಹ. ಅನಿಲವೂ ದ್ರವವೂ ಒಡನೆ ಚಲಿಸುವ ಇಂತಹದನ್ನು ಬಹುಪ್ರಾವಸ್ಥಾ ಪ್ರವಾಹವೆನ್ನುತ್ತಾರೆ. ಮೋಡದ ಕಣದ ತ್ರಿಜ್ಯ ಸುಮಾರು 0.01 ಮಿಲಿಮೀಟರ್, ಮಳೆಹನಿಯದು ಸುಮಾರು 1 ಮಿಲಿಮೀಟರ್. ಎಂದರೆ ಒಂದು ಹನಿಗೆ ಹತ್ತು ಲಕ್ಷ ಕಣಗಳು ಒಂದಾಗಬೇಕು! ಆವಿ ಸಾಂದ್ರವಾಗಿ ಅಂಟುವುದರಿಂದ ಕಣವು ಮೊದಮೊದಲು ಬೇಗ ಬೆಳೆಯುತ್ತದೆ, ಬಳಿಕ ನಿಧಾನಿಸುತ್ತದೆ. ದೊಡ್ಡ ಹನಿಯಾದರೆ ವೇಗವಾಗಿ ಬೀಳುತ್ತ ಚಿಕ್ಕವನ್ನು ಬಾಚಿಕೊಳ್ಳಬಲ್ಲದು. ಆದರೆ ನಡುವಣ ಹಂತದಲ್ಲಿ ಕಣಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರದವು, ಒಂದೇ ವೇಗದವು. ಒಂದನ್ನೊಂದು ಸಂಧಿಸುವುದೇ ವಿರಳ. ಆದರೂ ಅರ್ಧ ಗಂಟೆಯೊಳಗೆ ಮಳೆಗರೆಯುವ ಮೋಡಗಳುಂಟು.

ಇಲ್ಲಿ ನೆರವಾಗುವುದು ಗಾಳಿಯ ಪ್ರಕ್ಷುಬ್ಧತೆಯೆಂದು ಊಹಿಸಲಾಗಿದೆ. 1883ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯ ನೀರಿಗೆ ಬಣ್ಣ ಬಿಟ್ಟು ನೋಡಿದರು: ನಿಧಾನ ಹರಿವಿನಲ್ಲಿ ಬಣ್ಣದ ಗೆರೆ ನೆಟ್ಟಗಿತ್ತು, ವೇಗ ಹೆಚ್ಚಿದಾಗ ಸುಳಿಸುಳಿಯಾಗಿ ಚೆದುರಿತು. ಮೋಡದೊಳಗೂ ಇಂತಹ ಸುಳಿಗಳೇ. ಗಾಳಿಗಿಂತ ಭಾರವಾದ ಕಣಗಳು ಕವಣೆಯ ಕಲ್ಲಿನಂತೆ ಸುಳಿಯಿಂದ ಹೊರಗೆ ಚಿಮ್ಮಿ, ಸುಳಿಗಳ ನಡುವಣ ತೆರಪಿನಲ್ಲಿ ದಟ್ಟೈಸಿ ಒಂದನ್ನೊಂದು ಡಿಕ್ಕಿ ಹೊಡೆಯುತ್ತವೆ. ಪ್ರಕ್ಷುಬ್ಧವೆಂಬ ಪದ ಕನ್ನಡಿಗರಿಗೆ ಕಲಹವನ್ನೇ ನೆನಪಿಸುತ್ತದೆ. ಇಲ್ಲಿ ಅದರ ಕಾರ್ಯ ಕೂಡಿಸುವುದು. ಇಂತಹ ಡಿಕ್ಕಿಗಳ ಪ್ರಮಾಣವನ್ನು ಸ್ಯಾಫ್‌ಮನ್ ಮತ್ತು ಟರ್ನರ್ 1956ರಲ್ಲೇ ಲೆಕ್ಕಹಾಕಿದ್ದರು.

ಈ ಶೋಧದಲ್ಲಿ ನಮ್ಮ ನಾಡಿನ ಪಾಲೂ ಹಿರಿದು. ಪ್ರಕ್ಷುಬ್ಧ ಪ್ರವಾಹಗಳ ಅಧ್ಯಯನಕ್ಕೆ ಬಾಳನ್ನೇ ಮುಡಿಪಿಟ್ಟ ರೊದ್ದಂ ನರಸಿಂಹ (1933–2020) ಅವರು ಸಹೋದ್ಯೋಗಿಗಳೊಡನೆ ಬೆಂಗಳೂರಿನಲ್ಲಿ, ನೀರಿನ ತೊಟ್ಟಿಯೊಳಗೇ ಮೋಡದಂತಹ ಹರಿವನ್ನು ನಿರ್ಮಿಸಿದರು. ಆವಿ ನೀರಾಗುವಾಗ ಹೊಮ್ಮುವ ಶಾಖಕ್ಕೆ ಬದಲಾಗಿ ವಿದ್ಯುತ್ತಿನಿಂದ ಆ ಹರಿವನ್ನು ಕಾಯಿಸಿದರು. ಮೋಡ ಬೆಳೆಯುವ ರೀತಿಯನ್ನೂ ಸುತ್ತಣ ಗಾಳಿಯನ್ನು ಒಳಸೆಳೆಯುವ ರೀತಿಯನ್ನೂ ಆ ಶಾಖವೇ ನಿರ್ಧರಿಸುತ್ತದೆಂದು 2011ರಲ್ಲಿ ತೋರಿಸಿಕೊಟ್ಟರು. ತೊಟ್ಟಿಯಲ್ಲಿ ಮೋಡವನ್ನು ಕಂಡ ಈ ಸಾಹಸ ನಮಗಂತೂ ಬೆರಗು ತರಿಸಿದೆ.

ಹವಾಮಾನ ಮುನ್ಸೂಚನೆಯ ಕಂಪ್ಯೂಟರ್ ಲೆಕ್ಕಗಳು ಆಕಾಶವನ್ನು ಕಿಲೋಮೀಟರುಗಳ ಚೌಕಗಳಾಗಿ ವಿಭಾಗಿಸುತ್ತವೆ. ಮೋಡದ ಸುಳಿಗಳೋ ಮಿಲಿಮೀಟರಿನಷ್ಟು ಕಿರಿದಾಗಿಯೂ ಇರುತ್ತವೆ. ಚೌಕದೊಳಗೆ ಅಡಗಿದ ಆ ಸುಳಿಗಳ ಪರಿಣಾಮವನ್ನು ಅಂದಾಜಿನಿಂದಲೇ ಸೇರಿಸಬೇಕಾಗಿರುವುದರಿಂದ, ಪಕ್ಕದೂರಿಗೆ ಬಿದ್ದ ಮಳೆ ನಮ್ಮೂರಿಗೇಕಿಲ್ಲವೆಂಬುದನ್ನು ಮುನ್ಸೂಚನೆ ಈಗಲೂ ಖಚಿತವಾಗಿ ಹೇಳಲಾರದು.